ಅಮ್ಮನವರು ನೀರಿಗಿಳಿದದ್ದು

ಸೆಪ್ಟೆಂಬರ್ 1, ಸೋಮವಾರ

ಬರುವ ಭಾನುವಾರದ ಪ್ರಕಟಣೆ ಟೈಪ್ ಮಾಡಿ ಮುಗಿಸಿದೆ. ಪಾದ್ರಿಯ ಹೆಂಡತಿಗೆ ಯಾರೂ ಒಪ್ಪಿಸದೆ ತಾನಾಗಿ ಬಂದು ಅಂಟಿಕೊಳ್ಳುವ ಕೆಲಸ. ಯಾವ ಊರಿಗೆ ವರ್ಗವಾದರೂ ಇದೊಂದು ತಪ್ಪಿದ್ದಲ್ಲ. ಗಾಯನ ತಂಡದ ಅಭ್ಯಾಸ ಶುಕ್ರವಾರಕ್ಕೆ. ವಯಸ್ಸಾದವರ ಊಟ ಶನಿವಾರ — ಈ ಸಲ ಪ್ರಾರ್ಥನೆ ಚಿಕ್ಕದು, ಹೋದ ಸಲ ಸೂಪು ಆರಿಹೋಗಿ ಅಜ್ಜಂದಿರು ಮುನಿಸಿಕೊಂಡಿದ್ದರು. ಸಂಡೇ ಸ್ಕೂಲ್ ಪಿಕ್ನಿಕ್ ಇಪ್ಪತ್ತಕ್ಕೆ, ಬೀಚಿನಲ್ಲಿ.

ಕೊನೆಗೆ ಹೊಸ ಸಾಲು: ಹೆಂಗಸರಿಗೆ ಈಜು. ಮಂಗಳವಾರ, ಗುರುವಾರ. ಬೆಳಿಗ್ಗೆ ಆರಕ್ಕೆ, ಚರ್ಚಿನ ಕೆಳಗಿನ ದಂಡೆ.

ಇದು ಸೀಟಿಯ ಹಟ. ಬೀಚಿನ ಕಾವಲಿನವಳು, ಕೊರಳಲ್ಲಿ ಸದಾ ಸೀಟಿ, ಅದೇ ಹೆಸರಾಗಿ ನಿಂತಿದೆ. ಆರಾಧನೆಗೆ ಒದ್ದೆ ತಲೆಯಲ್ಲೇ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಹೋದ ವಾರ ಸ್ತ್ರೀ ಸಮಾಜದಲ್ಲಿ ಎದ್ದು ನಿಂತು ಕೇಳಿದಳು:

"ಪಿಕ್ನಿಕ್ಕಲ್ಲಿ ಮಕ್ಕಳೆಲ್ಲ ನೀರಲ್ಲಿ, ದೊಡ್ಡವರೆಲ್ಲ ಚಾಪೆ ಮೇಲೆ. ಒಂದು ಮಗು ಮುಳುಗಿದ್ರೆ ಏನ್ಮಾಡ್ತೀರಿ? ಕಣ್ಣು ಮುಚ್ಚಿ ಪ್ರಾರ್ಥನೆನಾ?"

ನನ್ನ ಬಾಯಿಂದ "ನಾನು ಕಲೀತೀನಿ" ಅಂತ ಬಂದುಬಿಟ್ಟಿತು. ಐವತ್ತಮೂರು ವಯಸ್ಸು. ಬಕೆಟ್ ನೀರಿಗಿಂತ ಆಳಕ್ಕೆ ಇಳಿದವಳಲ್ಲ.

ಇವರು ಪ್ರಕಟಣೆ ಓದಿದರು. ಪೆನ್ಸಿಲ್ ತೆಗೆದರು. ಆ ಸಾಲಿನ ಮೇಲೆ ಗೀಟು.

"ಯಾಕೆ?"

"ಖಜಾಂಚಿಗಳು ಒಪ್ಪಲ್ಲ. ಸುಮ್ನೆ ಯಾಕೆ ಇಲ್ಲದ ಗೊಡವೆ."

ಖಜಾಂಚಿಯವರು ಬಾಯಿ ಬಿಡುವುದೇ ಬೇಕಿಲ್ಲ. ಮೊದಲ ಬೆಂಚಿನಲ್ಲಿ ಕೂತು ಒಮ್ಮೆ ಕೆಮ್ಮಿದರೆ ಸಾಕು, ಇವರು ಬೋಧಿಸುತ್ತಿರುವ ಪ್ರಸಂಗ ದಾರಿ ತಪ್ಪುತ್ತದೆ.

ಗೀಟು ಹಾಕಿದ ಸಾಲು ಬಿಟ್ಟು ಮತ್ತೆ ಟೈಪ್ ಮಾಡಿದೆ. ಕೈ ಮಾತ್ರ ಮಾಡಿತು. ಒಳಗೆ ಏನೋ ಕುದಿಯುತ್ತಲೇ ಇದೆ.

ಸೆಪ್ಟೆಂಬರ್ 2

ಹೋದೆ. ಇವರಿಗೆ ಹೇಳಿಯೇ ಹೋದೆ. "ಹುಷಾರು" ಅಂದರು, ಪತ್ರಿಕೆಯಿಂದ ತಲೆ ಎತ್ತದೆ.

ಮೂವರು ಹೆಂಗಸರು. ಹಳೆ ಪ್ಯಾಂಟು, ಉದ್ದ ತೋಳಿನ ಅಂಗಿ. ಬೇಕರಿಯಾಕೆ ತನ್ನ ಬೇಕರಿಯ ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದಳು, ಹುಬ್ಬಿನಲ್ಲಿ ಇನ್ನೂ ಹಿಟ್ಟು. ನೀರು ಮೊಣಕಾಲಿಗೆ ಬಂದಾಗಲೇ ಎರಡೂ ಕೈಯಿಂದ ನೀರನ್ನೇ ಹಿಡಿಯಲು ಹೋದೆ.

"ನೀರನ್ನ ಹಿಡ್ಕೊಳ್ಳೋಕೆ ಹೋಗ್ಬೇಡಿ ಅಮ್ನೋರೇ" ಅಂದಳು ಸೀಟಿ. "ಅದು ಯಾರ ಕೈಗೂ ಸಿಕ್ಕಿಲ್ಲ. ಸುಮ್ನೆ ಮಲಗಿ."

ಮಲಗಲು ಆಗಲಿಲ್ಲ. ಮುಳುಗಿದೆ, ಉಪ್ಪು ನೀರು ಕುಡಿದೆ, ಎಲ್ಲರೂ ನಕ್ಕರು, ನಾನೂ. ಮಧ್ಯಾಹ್ನದವರೆಗೂ ಮೂಗಿನಲ್ಲಿ ಸಮುದ್ರ.

ಸೆಪ್ಟೆಂಬರ್ 7, ಭಾನುವಾರ

ಪ್ರಕಟಣೆ ಓದಿ ಮುಗಿಸಿದ ಇವರು ರೂಢಿಯಂತೆ ಕೇಳಿದರು — ಮತ್ತೇನಾದರೂ ಇದೆಯೇ? ಕೊನೆಯ ಬೆಂಚಿನಿಂದ ಸೀಟಿ ಎದ್ದಳು. ಈಜಿನ ದಿನ, ಗಂಟೆ, ಜಾಗ, ಎಲ್ಲವನ್ನೂ ಬೀಚಿನಲ್ಲಿ ಕೂಗುವ ದನಿಯಲ್ಲೇ ಹೇಳಿದಳು. ಮೊದಲ ಬೆಂಚಿನಿಂದ ಕೆಮ್ಮು. ಇವರು ಹಾಡಿನ ಪುಸ್ತಕ ತಿರುವಿದರು, ಬೇರೆಯೇ ಹಾಡಿನ ನಂಬರ್ ಹೇಳಿದರು. ಅರ್ಧ ಸಭೆ ಒಂದು ಹಾಡಿತು, ಅರ್ಧ ಸಭೆ ಇನ್ನೊಂದು.

ಆಮೇಲೆ ಚಹಾದ ಮೇಜಿನ ಹತ್ತಿರ ಖಜಾಂಚಿಯವರು.

"ಅಮ್ಮನವರು ಹೀಗೆ ಎಲ್ಲರೆದುರು ನೀರಿಗಿಳಿದ್ರೆ ಸಭೆ ಮರ್ಯಾದೆ ಏನಾಗ್ಬೇಕು?"

ಇವರತ್ತ ನೋಡಿದೆ. ಇವರು ಬಿಸ್ಕತ್ತನ್ನು ನೋಡುತ್ತಿದ್ದರು. ಉತ್ತರ ಬಂದದ್ದು ಚಹಾ ಸುರಿಯುತ್ತಿದ್ದ ಖಜಾಂಚಿಯವರ ಹೆಂಡತಿಯಿಂದ:

"ನೆಂದ್ರೆ ಒಣಗುತ್ತೆ ಬಿಡ್ರೀ. ಮರ್ಯಾದೆ ಏನು ಸಕ್ಕರೆನಾ ಕರಗೋಕೆ?"

ಸೆಪ್ಟೆಂಬರ್ 9

ದಂಡೆ ತುಂಬ ಹೆಂಗಸರು! ಖಜಾಂಚಿಯವರ ಹೆಂಡತಿಯೂ, ಗಂಡನ ಹಳೆ ಶರ್ಟ್ ತೊಟ್ಟು.

ಇವತ್ತು ತೇಲಿದೆ. ಸೀಟಿಯ ಅಂಗೈ ಬೆನ್ನ ಕೆಳಗಿದೆ ಅಂದುಕೊಂಡೇ ಮಲಗಿದ್ದೆ. ಕಿವಿ ನೀರೊಳಗೆ, ಕಣ್ಣಿಗೆ ಬರೀ ಆಕಾಶ. ಆಮೇಲೆ ನೋಡಿದರೆ ಅವಳು ದೂರದಲ್ಲಿ ನಿಂತು ಬೇಕರಿಯಾಕೆಯ ಕಾಲು ಸರಿಪಡಿಸುತ್ತಿದ್ದಾಳೆ. ಯಾವಾಗ ಕೈ ಬಿಟ್ಟಳೋ...

ಮನೆಗೆ ಬಂದು ಕೂರಲಾಗಲಿಲ್ಲ. ಅಡುಗೆಮನೆಯಿಂದ ಹಜಾರ, ಹಜಾರದಿಂದ ಅಂಗಳ. ಯಾರಿಗಾದರೂ ಹೇಳಬೇಕು. ಇವರು ಸಮಿತಿಯ ಸಭೆಗೆ ಹೋಗಿದ್ದರು. ಸಂಜೆ ಬಂದಾಗ ಮುಖ ಬೂದಿ ಬಣ್ಣ. ತೇಲಿದ್ದನ್ನು ಹೇಳಲಿಲ್ಲ.

ಸೆಪ್ಟೆಂಬರ್ 11, ಮಧ್ಯಾಹ್ನ

ಬಿಷಪ್ ಕಚೇರಿಯ ಕಾರ್ಯದರ್ಶಿ ಫೋನ್ ಮಾಡಿದರು.

"ಏನಮ್ಮ, ಸಾಮಾನು ಕಟ್ಟೋಕೆ ಶುರು ಮಾಡಿದ್ರಾ? ಅಯ್ಯನವರ ಕೋರಿಕೆ ಬಿಷಪ್ ಒಪ್ಪಿದ್ದಾರೆ. ಅಕ್ಟೋಬರ್ ಮೊದಲ ವಾರ. ಒಳನಾಡು, ಸಮುದ್ರದ ತೇವ ಇಲ್ಲ, ಮನೆ ದೊಡ್ಡದು."

ಕೋರಿಕೆ. ಅಪ್ಪಣೆಯಲ್ಲ, ಕೋರಿಕೆ. ಇಷ್ಟು ವರ್ಷ ವರ್ಗ ಅಂದರೆ ಮಳೆ ಬಿಸಿಲಿನ ಹಾಗೆ — ಮೇಲಿಂದ ಬರುತ್ತದೆ, ನಾವು ಗಂಟುಮೂಟೆ ಕಟ್ಟುತ್ತೇವೆ. ಎಷ್ಟು ಅಂಗಳಗಳಲ್ಲಿ ಗಿಡ ನೆಟ್ಟು ಹೂವು ನೋಡದೆ ಹೊರಟಿದ್ದೇನೆ. ಒಂದು ದಿನ ಗೊಣಗಿದವಳಲ್ಲ.

ಊಟಕ್ಕೆ ಬಂದರು. ಬಡಿಸಲಿಲ್ಲ.

"ವರ್ಗ ಕೇಳಿದ್ರಂತೆ."

ಕುರ್ಚಿಯ ಬೆನ್ನು ಹಿಡಿದು ನಿಂತರು. "ಇವತ್ತು ಸಂಜೆ ಹೇಳೋಣ ಅಂತ..."

"ಬೇಡಿಕೊಳ್ಳೋ ಮೊದ್ಲು ಹೇಳೋ ಮಾತು ಅದು."

"ನಂಗೆ ಆಗ್ತಿಲ್ಲ ಕಣೇ." ದನಿ ಒಡೆದಿತ್ತು. "ಪ್ರಸಂಗಪೀಠ ಹತ್ತಿದ್ರೆ ಆ ಕೆಮ್ಮಿಗೆ ಕಾಯ್ತೀನಿ. ಏನು ಹೇಳ್ತಿದ್ದೆ ಅನ್ನೋದೇ ಮರೆತುಹೋಗುತ್ತೆ. ಈಗ ಈ ಈಜಿನ ಗಲಾಟೆ ಬೇರೆ."

"ಅಂದ್ರೆ ನನ್ನಿಂದ."

"ಹಾಗಲ್ಲ..."

"ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ?"

ಕುರ್ಚಿ ಎಳೆದು ಕೂತರು. ಆಮೇಲೆ ಸುಳ್ಳು ಹೇಳದೆ ಅಂದರು: "ಇಲ್ಲ. ಅನ್ನಿಸ್ಲಿಲ್ಲ. ನೀನು ಯಾವಾಗ್ಲೂ ಬರ್ತೀಯಲ್ಲ."

ಅಯ್ಯೋ ಪಾಪ ಅನ್ನಿಸಿತು. ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯರು ಏನು ಮಾಡಬೇಕೋ ಗೊತ್ತಿಲ್ಲ. ಎದ್ದು ಪಾತ್ರೆ ತೊಳೆದೆ, ತೊಳೆದದ್ದನ್ನೇ.

ಸೆಪ್ಟೆಂಬರ್ 20, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಮಾತೂ ಕಡಿಮೆ. ಉಪ್ಪು ಬೇಕಾ, ಬೇಡ. ಪೋಸ್ಟ್ ಬಂತಾ, ಬಂತು. ಬೆಳಿಗ್ಗೆ ಮಾತ್ರ ದಂಡೆಗೆ ಹೋಗುತ್ತಿದ್ದೆ, ದಿನವೂ. ಎದೆಮಟ್ಟದ ನೀರಿನಲ್ಲಿ ಸೀಟಿ ನೆಟ್ಟ ಗುರುತಿನ ಕಂಬದಿಂದ ಕಂಬಕ್ಕೆ ಈಜಬಲ್ಲೆ ಈಗ. ಕೈಕಾಲು ಬಡಿಯುವುದು ನೋಡಿದರೆ ಬಾತುಕೋಳಿಗೂ ನಗು ಬರಬೇಕು.

ಇವತ್ತು ಪಿಕ್ನಿಕ್. ನಾವು ಹೆಂಗಸರು ನೀರಿನಲ್ಲಿ ಸಾಲಾಗಿ ನಿಂತೆವು, ಬೇಲಿಯ ಹಾಗೆ. ಮಕ್ಕಳು ಒಳಗಡೆ. ಏನೂ ಆಗಲಿಲ್ಲ. ಯಾರೂ ಮುಳುಗಲಿಲ್ಲ, ಯಾರನ್ನೂ ಕಾಪಾಡಬೇಕಾಗಲಿಲ್ಲ. ಕಾಲಿಗೆ ಪಾಚಿ ಸುತ್ತಿಕೊಂಡು ಒಬ್ಬಳು ಹಾವೆಂದು ಕಿರುಚಿದಳು, ಅಷ್ಟೇ. ಖಜಾಂಚಿಯವರು ಛತ್ರಿ ಹಿಡಿದು ಕೂತಿದ್ದರು. ಹೆಂಡತಿ ತೇಲುವುದನ್ನು ನೋಡಿ ಅರ್ಧ ಎದ್ದರು, ಮತ್ತೆ ಕೂತರು. ಕೆಮ್ಮಲಿಲ್ಲ.

ಎಲ್ಲರೂ ಹೋದ ಮೇಲೆ ಇವರು ಪ್ಯಾಂಟು ಮಡಚಿಕೊಂಡು ಅಲೆಯ ಅಂಚಿಗೆ ಬಂದರು. ನಾನು ಚಾಪೆ ಝಾಡಿಸುತ್ತಿದ್ದೆ.

"ಚೆನ್ನಾಗಿ ಈಜ್ತೀಯ" ಅಂದರು.

"ನಾನು ಬರ್ತಿಲ್ಲ" ಅಂದೆ. "ಈಗ್ಲೇ ಬರ್ತಿಲ್ಲ. ಬೇಕರಿ ಮೇಲಿನ ರೂಮು ಖಾಲಿ ಇದೆ. ಬೆಳಿಗ್ಗೆ ಕೌಂಟರಿನಲ್ಲಿ ಕೂರಿ ಅಂದಿದ್ದಾಳೆ ಬೇಕರಿಯಾಕೆ. ನೀವು ಹೋಗಿ. ನಿಮಗೆ ಅಲ್ಲಿ ಉಸಿರಾಡೋಕೆ ಆಗ್ಬಹುದು. ನಂಗೆ ಇಲ್ಲಿ ಆಗ್ತಿದೆ."

"ಜನ ಏನಂತಾರೆ?"

"ಅನ್ನಲಿ. ನಿಮ್ಮನ್ನ ಬಿಟ್ಟಿಲ್ಲ ನಾನು. ಸಾಮಾನು ಕಟ್ಟೋದನ್ನ ಬಿಟ್ಟಿದ್ದೀನಿ."

ಅಲೆ ಬಂದು ಇವರ ಪ್ಯಾಂಟಿನ ಮಡಿಕೆ ನೆನೆಸಿತು. ಇವರು ಹಿಂದೆ ಸರಿಯಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಪ್ರಸಂಗದ ಕೊನೆಯಲ್ಲಿ ವರ್ಗದ ಸುದ್ದಿ ಹೇಳಿದರು. ತಾವೇ ಕೇಳಿಕೊಂಡದ್ದು ಅಂತಲೂ. ಆಮೇಲೆ, ಕಾಗದ ನೋಡದೆ: "ಅಮ್ಮನವರು ಸದ್ಯಕ್ಕೆ ಇಲ್ಲೇ ಇರ್ತಾರೆ. ಅದು ಅವರ ತೀರ್ಮಾನ. ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ನನ್ನನ್ನೇ ಕೇಳಿ."

ಖಜಾಂಚಿಯವರು ಕೆಮ್ಮಿದರು. ಇವರು ಅದು ಮುಗಿಯುವವರೆಗೆ ಕಾದು, ಬಿಟ್ಟಲ್ಲಿಂದ ಮುಂದುವರಿಸಿದರು. ಪಕ್ಕದಲ್ಲಿದ್ದ ಬೇಕರಿಯಾಕೆ ನನ್ನ ಕೈ ಮೇಲೆ ತನ್ನ ಕೈ ಇಟ್ಟಳು.

ಅಕ್ಟೋಬರ್ 3, ಬೆಳಿಗ್ಗೆ

ಲಾರಿ ಬಂದಿದೆ. ಪುಸ್ತಕ, ಒಂದು ಮಂಚ, ಇವರ ಮೇಜು. ನನ್ನ ಸಾಮಾನು ನಿನ್ನೆಯೇ ಬೇಕರಿಯ ಮೆಟ್ಟಿಲು ಹತ್ತಿತು.

ಖಾಲಿ ಅಡುಗೆಮನೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ತಪ್ಪು ಮಾಡುತ್ತಿದ್ದೇನಾ? ಅನ್ನ ಬೇಯಿಸಲೂ ಬಾರದವರು. ಕಲಿಯಲಿ. ಅಯ್ಯೋ, ಕೈ ಸುಟ್ಟುಕೊಂಡರೆ...

ಈಗ ಬಾಗಿಲಲ್ಲಿ ಬಂದು ನಿಂತರು, ಶೂ ಹಾಕಿಕೊಂಡು. ಹೊರಗೆ ಲಾರಿಯವನು ಹಾರ್ನ್ ಒತ್ತುತ್ತಿದ್ದಾನೆ. ಕೈಸನ್ನೆಯಲ್ಲೇ ಅವನನ್ನು ತಡೆದರು.

"ನೀನು ಯಾವಾಗ ಬರ್ತೀಯ ಅಂತ ಕೇಳಲ್ಲ" ಅಂದರು. "ಸೋಮವಾರ ನಂಗೆ ಕೆಲಸ ಇರಲ್ಲ. ಬೆಳಗಿನ ಬಸ್ಸು ಇದೆಯಂತೆ. ನಾನು... ಬರ್ಲಾ?"

ಕೇಳಿದರು. ನನ್ನನ್ನು ಕೇಳಿದರು. ಇನ್ನೂ ಅಲ್ಲೇ ನಿಂತಿದ್ದಾರೆ. ನಾನು ಬರೆಯುವುದನ್ನು ನಿಲ್ಲಿಸಲಿ ಅಂತ ಕಾಯುತ್ತಾ—