ಟ್ರಂಪೆಟ್ಟಿನವರ ಉಸಿರಿನ ಪರೀಕ್ಷೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ನೀವೆಲ್ಲಿ ಕೇಳುತ್ತೀರಿ, ಹಟದಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚು. ನಾವಿಲ್ಲಿ ಚೆನ್ನಾಗಿದ್ದೇವೆ. ಸುಮ್ಮನೆ ಬರೆಯುವ ಮಾತಲ್ಲ, ಈ ಸಲ ನಿಜವಾಗಿಯೂ ಚೆನ್ನಾಗಿದ್ದೇವೆ.

ನಿಮ್ಮ ತಮ್ಮ ಊಟ ಬಿಟ್ಟದ್ದು ನಿಮಗೆ ಗೊತ್ತೇ ಇದೆ. ತಟ್ಟೆ ಕಂಡರೆ ಮುಖ ತಿರುಗಿಸುವುದು, ಎರಡು ತುತ್ತು ತಿಂದರೆ ವಾಂತಿ. ಕಿಡ್ನಿ ಕೈಕೊಟ್ಟವರಿಗೆ ಹೀಗೇ ಇರಬೇಕು ಎಂದು ನಾನೂ ಸುಮ್ಮನಿದ್ದೆ. ಇವರೋ, ಬ್ಯಾಂಡಿನಲ್ಲಿ ಜೊತೆಗೆ ಊದುವವರ ಮಾತು ಕೇಳಿ ಅಂಗಡಿಯಿಂದ ಗ್ಯಾಸಿನ ಬಿಳಿ ಸಿರಪ್ ತಂದು, ಟ್ರಂಪೆಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಕುಡಿಯುತ್ತಿದ್ದರು! ಡಯಾಲಿಸಿಸ್ ಡಾಕ್ಟರಿಗೆ ಗೊತ್ತಾಗಿ ಸರಿಯಾಗಿ ಬೈದರು. "ಅದ್ರಲ್ಲಿರೋದನ್ನ ಹೊರಗೆ ಹಾಕೋಕೆ ನಿಮ್ಗೆ ಕಿಡ್ನಿ ಎಲ್ಲಿದೆ ಸ್ವಾಮಿ?" ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಸೋಂಕು, ಜೊತೆಗೆ ಹುಣ್ಣು. ಕಿಡ್ನಿ ಕೊಡುವವರು ಸಿಕ್ಕಿದ್ದರೂ, ಇದು ವಾಸಿಯಾಗುವ ತನಕ ಆಪರೇಷನ್ನಿನ ಮಾತೇ ಬೇಡ ಎಂದುಬಿಟ್ಟರು. ಅವತ್ತು ನನ್ನ ಜೀವ ಬಾಯಿಗೆ ಬಂದಿತ್ತು ಅತ್ತಿಗೆ.

ಕಿಡ್ನಿಯ ಸ್ಥಿತಿ ನೋಡಿ, ಅದಕ್ಕೆ ತಕ್ಕ ಮಾತ್ರೆ ಬರೆದುಕೊಟ್ಟರು. ನುಂಗಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅದೆಲ್ಲ ಮುಗಿದು ಕೆಲವು ವಾರ ಕಳೆದ ಮೇಲೆ, ಮೊನ್ನೆ ಉಸಿರಿನ ಪರೀಕ್ಷೆ. ಏನೋ ಕುಡಿಸಿ, ಸ್ವಲ್ಪ ಹೊತ್ತು ಕೂರಿಸಿ, ಕೊಳವೆಯಿಂದ ಚೀಲದೊಳಗೆ ಉಸಿರು ಬಿಡಲು ಹೇಳುತ್ತಾರೆ. ಹೊಟ್ಟೆಯಲ್ಲಿ ಸೋಂಕು ಉಳಿದಿದ್ದರೆ ಅದರಲ್ಲೇ ಗೊತ್ತಾಗುತ್ತದಂತೆ. ಇವರು ಕೊಳವೆ ಕಂಡದ್ದೇ ತಡ, ನೆಟ್ಟಗೆ ಕುಳಿತು, ತುಟಿ ಬಿಗಿದು, ಮೆರವಣಿಗೆಯ ಮುಂದೆ ನಿಂತವರ ಹಾಗೆ ಊದಿದರು. ಚೀಲ ಕಳಚಿ ಹಾರಿತು! ನರ್ಸಮ್ಮ ನಗು ತಡೆಯಲಾರದೆ, "ಸಾರ್, ಊದೋದು ಬೇಡ, ಉಸಿರು ಬಿಟ್ರೆ ಸಾಕು" ಎಂದಳು. ಇವರಿಗೋ ಅವಮಾನ. "ಮೆತ್ತಗೆ ಊದಿ ಅಭ್ಯಾಸ ಇಲ್ಲಮ್ಮಾ" ಎನ್ನುತ್ತಾ ಇನ್ನೊಂದು ಚೀಲಕ್ಕೆ ಕೈಯೊಡ್ಡಿದರು.

ಸೋಂಕು ಪೂರ್ತಿ ಹೋಗಿದೆ ಅತ್ತಿಗೆ! ಮತ್ತೆ ಕ್ಯಾಮೆರಾ ಇಳಿಸಿ ನೋಡಿದರು, ಹುಣ್ಣೂ ಮಾಯ್ದಿದೆ, ಇನ್ನು ಆಪರೇಷನ್ನಿಗೆ ಅಡ್ಡಿಯಿಲ್ಲವಂತೆ. ನಿನ್ನೆ ಊಟಕ್ಕೆ ಕುಳಿತವರು "ಇನ್ನೊಂದು ಸೌಟು ಹಾಕೇ" ಎಂದರು. ಹಾಕಿ, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಉಪ್ಪು ಸಾಲದೆಂದು ಆಮೇಲೆ ಗೊಣಗಿದ್ದೂ ಕಿವಿಗೆ ಹಿತವಾಗಿತ್ತು.

ನಿಮ್ಮ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿಮ್ಮ ಪ್ರೀತಿಯ,
ಬೀದಿಯವರ ಬಾಯಲ್ಲಿ 'ಪೀಪಿಯವರ ಹೆಂಡ್ತಿ'

ಇನ್ನೊಂದು ಮಾತು, ಅವಸರದಲ್ಲಿ: ಕಿಡ್ನಿ ಕೊಡುವವಳು ನಾನೇ. ಪರೀಕ್ಷೆಗಳೆಲ್ಲ ಆಗಿವೆ, ಹೊಂದುತ್ತದೆ. ಇವರಿಗೆ ಮಾತ್ರ ಯಾರೆಂದು ಹೇಳಿಲ್ಲ. ತಿಳಿದರೆ ಆಪರೇಷನ್ನೇ ಬೇಡ ಎಂದು ಕೂರುತ್ತಾರೆ. ನನ್ನ ಮಾತು ಕೇಳುವ ಆಸಾಮಿಯಲ್ಲ. ನೀವು ಬಂದು ಗದರಿಸಿ ಒಪ್ಪಿಸಬೇಕು, ಬೇಗ ಬನ್ನಿ. ನನಗೆ ಹೆದರಿಕೆ ಇಲ್ಲ ಅಂತಲ್ಲ ಅತ್ತಿಗೆ. ಆದರೆ ಅವರಿಲ್ಲದ ಮನೆಯಲ್ಲಿ ಎರಡೆರಡು ಕಿಡ್ನಿ ಇಟ್ಟುಕೊಂಡು ನಾನೇನು ಮಾಡಲಿ?