ಶೈಲಾಳ ಗಾಜಿನ ಪೆಟ್ಟಿಗೆ

ಕೊಂಢವಾ, ಪುಣೆ
ದಿ. 5-9-1999, ರವಿವಾರ

ಚಿ. ಸೌ. ಶೈಲಾಳಿಗೆ ನಿನ್ನ ಅತ್ತೆ ರುದ್ರವ್ವ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಬೈಲಹೊಂಗಲದಲ್ಲಿ ಮಳೆ ಹಿಡಿದಿದೆಯಂತೆ. ನಿನಗೆ ಬೇಗ ನೆಗಡಿಯಾಗುತ್ತದೆ, ಹಸಿ ತಲೆಯಲ್ಲಿ ಓಡಾಡಬೇಡ. ನಿಮ್ಮ ಅವ್ವನ ಸೊಂಟನೋವು ಕಡಿಮೆಯಾಯಿತೇ? ನನ್ನ ಮೊಣಕಾಲು ಇದ್ದ ಹಾಗೆಯೇ ಇದೆ. ಮಾಂತು ರಾತ್ರಿ ಮನೆಗೆ ಬಂದು ಹಸಿವಿಲ್ಲ ಎನ್ನುತ್ತಾನೆ. ನನ್ನ ಮಗ ನನ್ನ ಕೈಯಡಿಗೆ ತಪ್ಪಿಸಲು ಹೊರಗೆ ಉಂಡು ಬರುತ್ತಾನೆ ಎಂದು ನನಗೆ ಗೊತ್ತಾಗದೇನು? ಪಂಚಮಿಗೆಂದು ತವರಿಗೆ ಹೋದವಳು ಎಂಟು ದಿನಕ್ಕೆ ಬರುತ್ತೇನೆ ಎಂದಿದ್ದಿ. ಮೂರು ವಾರವಾಯಿತು. ಫೋನಿನಲ್ಲಿ ಪ್ರತಿಸಲ ಇನ್ನೂ ನಾಲ್ಕು ದಿನ ಎನ್ನುತ್ತೀಯಂತೆ. ನಾನು ಅಂದ ಮಾತಿಗೇ ನೀನು ಬರುತ್ತಿಲ್ಲ ಎಂದು ನನಗೆ ಗೊತ್ತು. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ಗಿಡಗಳ ಗಾಜಿನ ಪೆಟ್ಟಿಗೆಯ ಸುದ್ದಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರಲ್ಲೂ ನನ್ನದೇ ತಪ್ಪಿದೆ.

ನಿನ್ನ ಬಿಳಿ ಹೂವಿನ ಆರ್ಕಿಡ್ ಹೋಯಿತು. ಸುತ್ತಿ ಬಳಸಿ ಹೇಳುವುದಿಲ್ಲ, ಅದನ್ನು ಕೊಂದವಳು ನಾನೇ. ಶ್ರಾವಣ ಸೋಮವಾರ ದೇವರ ಜಗಲಿಯ ಲಿಂಗಕ್ಕೆ ಹಾಲಿನ ಅಭಿಷೇಕ ಮಾಡುತ್ತೇನಲ್ಲ, ದೇವರ ಮೇಲಿಂದ ಇಳಿದದ್ದನ್ನು ಮೋರಿಗೆ ಚೆಲ್ಲಬಾರದು, ಯಾರೂ ತುಳಿಯದ ಹಾಗೆ ಗಿಡದ ಬುಡಕ್ಕೇ ಹಾಕಬೇಕು. ಪ್ರತಿವರ್ಷ ಕೆಳಗೆ ಕಾಂಪೌಂಡಿನ ಮಾವಿನ ಗಿಡಕ್ಕೆ ಹಾಕಿ ಬರುತ್ತಿದ್ದೆ. ಈ ಸಲ ಮೆಟ್ಟಿಲೆಲ್ಲ ಜಾರುತ್ತಿದ್ದವು. ಮೂರು ಮಾಳಿಗೆ ಇಳಿಯುವುದಕ್ಕಿಂತ ಮನೆಯಲ್ಲೇ ಗಿಡಗಳಿವೆಯಲ್ಲ ಎಂದು ನಿನ್ನ ಪೆಟ್ಟಿಗೆಯ ಮುಚ್ಚಳ ತೆಗೆದು ಹಾಕಿದೆ. ಎರಡು ಸೋಮವಾರ ಹಾಕಿದೆ. ದೇವರ ಹಾಲು ಗಿಡಕ್ಕೆ ಒಳ್ಳೆಯದೇ ಮಾಡುತ್ತದೆ ಎಂದುಕೊಂಡಿದ್ದೆ, ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ.

ದೀಪದ ವಿಷಯವೂ ಹಾಗೆಯೇ ಆಯಿತು. ಪೆಟ್ಟಿಗೆಯ ಮೇಲಿನ ಎರಡೂ ಟ್ಯೂಬ್‌ಲೈಟುಗಳನ್ನು ಮುಂಜಾನೆ ಏಳಕ್ಕೆ ಹಚ್ಚಿ ಸಂಜೆ ಏಳಕ್ಕೆ ಆರಿಸಬೇಕು ಎಂದು ನೀನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಹೋಗಿದ್ದಿ. ಸಂಜೆ ಏಳೆಂದರೆ ಎಲ್ಲರ ಮನೆಯಲ್ಲೂ ದೀಪ ಹಚ್ಚಿ ಕೈಮುಗಿಯುವ ಹೊತ್ತು. ಆ ಹೊತ್ತಿಗೆ ಮನೆಯಲ್ಲಿ ಉರಿಯುವ ಬೆಳಕನ್ನು ನಾನು ಕೈಯಾರೆ ಆರಿಸಲೇ? ಮಾಂತು ಬಂದು ಆರಿಸಲಿ ಎಂದು ಬಿಟ್ಟೆ. ಅವನು ಬಂದವನೇ ಮಲಗಿಬಿಡುತ್ತಿದ್ದ. ಹೀಗೆ ಹಗಲೂ ರಾತ್ರಿ ಬೆಳಕು ಉರಿದೇ ಉರಿಯಿತು. ಒಳಗೆ ಹಾಲು ಹುಳಿಯಿತು, ಪಾಚಿಯ ಮೇಲೆ ಬಿಳಿ ಬೂಸಲು ಬಂತು, ಗಿಡದ ಸುಳಿ ಮುಟ್ಟಿದರೆ ಕೈಗೇ ಬಂತು. ನಾನು ಅವತ್ತು ಊಟ ಮಾಡಲಿಲ್ಲ.

ಹೋದ ರವಿವಾರ ಸತ್ತ ಗಿಡವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಮಾಂತುವಿನ ಸ್ಕೂಟರಿನ ಹಿಂದೆ ಕೂತು, ಸೋಲಾಪುರ ರಸ್ತೆಯಲ್ಲಿ ನಿನಗೆ ಗಿಡ ಕೊಡುವ ಬಾಳುವಿನ ನರ್ಸರಿಗೆ ಹೋದೆ. ಡಬ್ಬಿ ತೆರೆದು ಮೂಸಿದವನೇ, ಹಾಲು ಹಾಕಿದಿರೇನು ಎಂದು ಮರಾಠಿಯಲ್ಲಿ ಕೇಳಿದ. ಮಾಂತು ಆಕಾಶ ನೋಡಿದ. ಹೌದು ಎಂದೆ, ಸುಳ್ಳು ಹೇಳಿ ಏನು ಮಾಡಲಿ? ಬಾಳು ಬೈಯಲಿಲ್ಲ, ಕೂಡಿಸಿ ಚಹ ಕುಡಿಸಿ ಎಲ್ಲ ತಿಳಿಸಿ ಹೇಳಿದ. ಈ ಗಿಡಗಳಿಗೆ ಬೆಳಕು ಎಷ್ಟು ಬೇಕೋ ಕತ್ತಲೆಯೂ ಅಷ್ಟೇ ಬೇಕಂತೆ. ಹನ್ನೆರಡು ತಾಸು ಬೆಳಕು ಸಿಕ್ಕರೆ ಸಾಕು, ಅದು ಯಾವ ಹೊತ್ತಿಗೆ ಎಂಬ ಹಟ ಅವಕ್ಕಿಲ್ಲ ಎಂದ. ಅಲ್ಲಿಗೆ ನನ್ನ ಕೆಲಸ ಸುಲಭವಾಯಿತು. ನಾನು ಹೇಗೂ ಐದಕ್ಕೆ ಏಳುತ್ತೇನೆ. ಈಗ ಮುಂಜಾನೆ ಐದಕ್ಕೆ ಹಚ್ಚಿ ಸಂಜೆ ಐದಕ್ಕೆ ಶಾಂತ ಮಾಡುತ್ತೇನೆ. ದೀಪ ಹಚ್ಚುವ ಹೊತ್ತಿಗಿಂತ ಮೊದಲೇ ಮುಗಿಯುತ್ತದೆ, ನನ್ನ ಶಾಸ್ತ್ರವೂ ಉಳಿಯಿತು, ನಿನ್ನ ಗಿಡವೂ ಉಳಿಯುತ್ತದೆ. ಅಭಿಷೇಕದ ಹಾಲನ್ನು ಮೊನ್ನೆ ಸೋಮವಾರ ಗೋಡೆ ಹಿಡಿದುಕೊಂಡು ಇಳಿದು ಮಾವಿನ ಗಿಡಕ್ಕೇ ಹಾಕಿ ಬಂದೆ.

ಇನ್ನೊಂದು ಮಾತು. ನೀವಿಬ್ಬರೂ ಭೋರಿನ ಕಾಡಿಗೆ ಹೋದಾಗ ಮುರಿದುಬಿದ್ದ ಕೊಂಬೆಯಿಂದ ಬಿಡಿಸಿ ತಂದ ಸೀತೆದಂಡೆ ಆರ್ಕಿಡ್ ಬದುಕಿದೆ. ಆದರೆ ಅದು ಪೆಟ್ಟಿಗೆಯ ಗಿಡವೇ ಅಲ್ಲವಂತೆ, ಅದಕ್ಕೆ ಗಾಳಿ ಬೇಕು, ಒಳಗಿಟ್ಟರೆ ಉಸಿರು ಕಟ್ಟುತ್ತದೆ ಎಂದ ಬಾಳು. ನಿನ್ನನ್ನು ಕೇಳದೆ ಅದನ್ನು ಕೆಳಗಿನ ಮಾವಿನ ಗಿಡಕ್ಕೆ ಹಳೆಯ ಸೀರೆಯ ಅಂಚಿನಿಂದ ಕಟ್ಟಿಸಿದ್ದೇನೆ. ಬೇಡವೆಂದರೆ ಬಂದು ಬಿಚ್ಚು.

ಪೆಟ್ಟಿಗೆಯಲ್ಲಿ ಜಾಗ ಖಾಲಿಯಾಯಿತಲ್ಲ, ಅದಕ್ಕೊಂದು ಗಿಡ ಬಾಳುವಿನಲ್ಲಿಂದಲೇ ತಂದೆ. ಮಾಂತು ಹಳದಿ ಹೂವು ಬಿಟ್ಟದ್ದೊಂದನ್ನು ಎತ್ತಿಕೊಂಡಿದ್ದ. ಅದು ಎತ್ತರ ಬೆಳೆದು ಟ್ಯೂಬಿಗೆ ತಲೆ ತಾಗಿಸುತ್ತದೆ ಎಂದು ಬಾಳು ಬೇಡವೆಂದ. ಮೂಲೆಯಲ್ಲಿ ನೆರಳಿಗೆ ಗೇಣುದ್ದದ ಒಂದು ಗಿಡವಿತ್ತು. ಅದೂ ಆರ್ಕಿಡ್ಡೇ ಅಂತೆ. ಎಲೆ ಕಪ್ಪಗೆ ಮಖಮಲ್ಲಿನ ಹಾಗೆ, ಮೇಲೆ ಸಣ್ಣ ಕೆಂಪು ಗೆರೆಗಳು, ನನ್ನ ಮದುವೆಯ ಚಂದ್ರಕಾಳಿ ಸೀರೆ ನೆನಪಾಯಿತು. ಇದನ್ನು ಎಲೆಯ ಚೆಂದಕ್ಕೇ ಸಾಕುತ್ತಾರೆ, ಹೂವಿಗಾಗಿ ಯಾರೂ ಕಾಯುವುದಿಲ್ಲ ಎಂದ ಬಾಳು. ಇದನ್ನೇ ಕೊಡು ಎಂದೆ. ಇದಕ್ಕೆ ಬೆಳಕು ಕಡಿಮೆ ಸಾಕು, ಅದಕ್ಕೇ ಒಂದು ಟ್ಯೂಬ್ ತೆಗೆಸಿದ್ದೇನೆ.

ನಿಮ್ಮ ಅವ್ವ ಅಪ್ಪನಿಗೆ ನನ್ನ ಶರಣು ತಿಳಿಸು. ಮಾಂತು ನಿನಗೆ ಬೇರೆ ಬರೆಯುತ್ತೇನೆ ಎಂದಿದ್ದಾನೆ, ಬರೆಯುವುದಿಲ್ಲ, ಅವನ ಸ್ವಭಾವ ನಿನಗೆ ಗೊತ್ತೇ ಇದೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ರುದ್ರವ್ವ

ತಾ.ಕ.: ಕೊನೆಗೆ ಬರೆಯುತ್ತೇನೆ ಎಂದು ಹೇಳಿ, ಬರೆಯದೆ ಸಹಿ ಹಾಕಿಬಿಟ್ಟೆ. ನೀನು ಹೋಗುವ ಹಿಂದಿನ ದಿನ ಕೆಳಗಿನ ಮನೆಯ ಸಾವಂತ್ರವ್ವನ ಮುಂದೆ, “ಮಡಿಲ ತುಂಬಲಿಲ್ಲ, ಅದಕ್ಕ ಗಾಜಿನ ಪೆಟಿಗಿ ತುಂಬಕೊಂಡ ಕುಂತಾಳ” ಅಂದೆ. ಒಳಗೆ ನೀನು ಕೇಳಿಸಿಕೊಂಡದ್ದೂ ನನಗೆ ಗೊತ್ತಿತ್ತು. ತಪ್ಪಾಯಿತು ಶೈಲಾ. ನಿನ್ನೆ ಸಾವಂತ್ರವ್ವ ಮತ್ತೆ ಬಂದಿದ್ದಳು. ಹೊಸ ಗಿಡ ನೋಡಿ, “ಇದು ಹೂ ಯಾವಾಗ ಬಿಡತದ್ರಿ?” ಎಂದು ಕೇಳಿದಳು. ನಾನು ಹೇಳಿದೆ, “ನಮ್ಮ ಮನ್ಯಾಗ ಇನ್ನ ಮ್ಯಾಲೆ ಆ ಪ್ರಶ್ನಿ ಕೇಳಬ್ಯಾಡ ಸಾವಂತ್ರವ್ವಾ. ಗಿಡಕ್ಕೂ ಬ್ಯಾಡ, ನನ್ನ ಸೊಸಿಗೂ ಬ್ಯಾಡ. ಮೊದಲ ಕೇಳಿದಾಕಿ ನಾನ, ಮೊದಲ ಬಿಟ್ಟಾಕಿನೂ ನಾನ.”