ನಮ್ಮ ಬಾಗಿಲ ಮುಂದೆ ಸುಮ್ಮನಾದ ಬ್ಯಾಂಡು

೩ ಮೇ ೨೦೦೪, ಸೋಮವಾರ

ಅಕ್ಕಾ, ಹೇಗಿದ್ದೀಯೇ? ಕ್ಲಿಫ್ ಭಾವನ ಎದೆಯ ಗೊರಗೊರ ಇಳಿಯಿತೇ? ಮಗಳು ಲಿನೆಟ್‌ಳ ಸೊಂಟನೋವು? ಮರದಿಂದ ಬಿದ್ದ ಮೊಮ್ಮಗ ಬ್ರೆಟ್‌ನ ಕೈಗೆ ಹಾಕಿದ ಪಟ್ಟಿ ಬಿಚ್ಚಿದರೇ? ನಾನು ನೆಟ್ಟಗಿದ್ದೇನೆ. ಮೊಣಕಾಲು ಮಾತ್ರ ತನ್ನ ರಾಗ ಬಿಟ್ಟಿಲ್ಲ.

ನೀನು ಆಸ್ಟ್ರೇಲಿಯಾದ ಹಡಗು ಹತ್ತಿದಾಗಿನಿಂದ ಈ ದಿನಚರಿ ಪುಸ್ತಕ ಹೀಗೇ — ನಿನ್ನ ಕ್ಷೇಮ ಕೇಳಿಯೇ ಶುರು. ಕಳಿಸುವುದಿಲ್ಲ. ಕ್ರಿಸ್ಮಸ್ ಕಾಗದ ಬೇರೆ, ಇದು ಬೇರೆ. ಇಲ್ಲಿ ನೀನು ಎದುರು ಕೂತ ಹಾಗೆ ಹರಟೆ, ಅಷ್ಟೆ.

ಬೆಳಿಗ್ಗೆ ಬಾಗಿಲ ಮೆಟ್ಟಿಲು ಉಜ್ಜಿದೆ. ಈ ಬೀದಿಯಲ್ಲಿ ಈಗ ಮೆಟ್ಟಿಲು ಉಜ್ಜುವವಳು ನಾನೊಬ್ಬಳೇ. ಆಲೂಗಡ್ಡೆ ಪೈ ಒಲೆಗಿಟ್ಟೆ. ಆಮೇಲೆ ಸ್ವೇಲ್ಸ್ ಬಂದರು, ಟೇಪ್ ರೆಕಾರ್ಡರು ಹಿಡಿದುಕೊಂಡು. ನಿವೃತ್ತ ಮೇಷ್ಟರು, ದಕ್ಷಿಣದ ಕಡೆಯವರು. ಹೋಲ್ಡ್‌ಕ್ರಾಫ್ಟ್ ಗಿರಣಿಯನ್ನು ಫ್ಲಾಟು ಮಾಡಿದ್ದಾರಲ್ಲ, ಅಲ್ಲೇ ವಾಸ. ನಾನು ಲಾಳಿಗೆ ನೂಲು ಪೋಣಿಸುತ್ತಿದ್ದ ಜಾಗದಲ್ಲಿ ಅವರ ಹಾಸಿಗೆ! ಕೆಳಗಿನ ಹಾಲಿನಲ್ಲಿ ಊರಿನ ನೆನಪಿನ ಬೋರ್ಡುಗಳನ್ನು ಹಾಕುತ್ತಾರಂತೆ. ಅದಕ್ಕೊಂದು ಕಮಿಟಿ. ಹಳಬರ ಮಾತು ಬೇಕಂತೆ.

ಹೇಳಿದೆ. ಈಸ್ಟರ್ ಕಳೆದು ಏಳನೆಯ ವಾರ, ವಿಟ್ ಭಾನುವಾರದ ಮೆರವಣಿಗೆ. ಹೊಸ ಬಿಳಿ ಫ್ರಾಕು. ಚಾಪೆಲ್ಲಿನ ಬ್ಯಾಂಡು ಪೀಲ್ ಬೀದಿಗೆ ಬಂದರೆ ನಮ್ಮ ಬಾಗಿಲ ಮುಂದೆ ಮಾತ್ರ ಕಹಳೆ ಇಳಿಸಿ, ಹಾಡು ನಿಲ್ಲಿಸಿ, ಆಚೀಚೆ ನೋಡದೆ, ಸದ್ದಿಲ್ಲದೆ ನಡೆಯುತ್ತಿದ್ದರಲ್ಲ — ಅದನ್ನೂ ಹೇಳಿದೆ. "ನಮ್ಮ ತಾತ ಮೂವತ್ತೊಂದರ ಗಿರಣಿ ಮುಷ್ಕರದಲ್ಲಿ ಮುಂದೆ ನಿಂತವನು. ಅವನಿಗೆ ಊರು ಕೊಡುತ್ತಿದ್ದ ಗೌರವ" ಅಂದೆ. ಸ್ವೇಲ್ಸ್ ಮುಖ ಅರಳಿತು. ಎರಡು ಸಲ ಪೈ ಹಾಕಿಸಿಕೊಂಡರು.

೧೧ ಮೇ, ಮಂಗಳವಾರ

ಅಕ್ಷರ ಓಡುತ್ತಿಲ್ಲ.

ಬೋರ್ಡುಗಳ ಮಾದರಿ ನೋಡಲು ಕರೆದಿದ್ದರು, ಹೋದೆ. ಮೊದಲನೆಯದರಲ್ಲಿ ಯಜಮಾನ ಹೋಲ್ಡ್‌ಕ್ರಾಫ್ಟ್, ಆಳೆತ್ತರ, ಮೀಸೆ ತಿರುವಿಕೊಂಡು. 'ಊರಿನ ತಂದೆ. ಪಾರ್ಕು, ಸ್ನಾನದ ಮನೆ ಕಟ್ಟಿಸಿಕೊಟ್ಟವರು.' ಸರಿ, ಮುಂದೆ ಹೋದೆ. ಮೂರನೆಯದರಲ್ಲಿ ಒಂದು ಫೋಟೋ. ಎರಡು ಸಾಲು ಪೊಲೀಸರು. ನಡುವೆ ಒಬ್ಬ, ಟೋಪಿ ಕಣ್ಣಿನ ತನಕ, ಕೈಯಲ್ಲಿ ಬುತ್ತಿ ಡಬ್ಬಿ. ಕಾಣುವುದು ಗದ್ದ ಮಾತ್ರ. ಕೆಳಗೆ — 'ಗೆಳೆಯರ ಮುಷ್ಕರ ಮುರಿದು ಕೆಲಸಕ್ಕೆ ಹೋಗುತ್ತಿರುವ ಥಾಮಸ್ ಹಾರ್ಗ್ರೀವ್ಸ್.'

ನಮ್ಮ ತಾತ! ಮುಷ್ಕರ ಮುರಿದವನು! ಇಲ್ಲಿ ಆ ಮಾತಿಗಿಂತ ಕೆಟ್ಟ ಬೈಗುಳವಿಲ್ಲ. ಕಳ್ಳನನ್ನು ಮನೆಗೆ ಕರೆದು ಚಹಾ ಕೊಟ್ಟಾರು, ಮುಷ್ಕರ ಮುರಿದವನಿಗೆ ಕೊಡರು.

ಅಲ್ಲೇ ಕೂಗಿದೆ. ಚಹಾ ಹಂಚುತ್ತಿದ್ದ ಹುಡುಗಿ ಬಟ್ಟಲು ಬೀಳಿಸಿದಳು.

೧೨ ಮೇ

ಸ್ವೇಲ್ಸ್ ಮನೆಗೆ ಹೋದೆ. ನಿಂತೇ ಮಾತಾಡಿದೆ, ಕೂರಲಿಲ್ಲ.

"ಮಿಸೆಸ್ ಹೋಲ್ಟ್, ಫೋಟೋದ ಹಿಂದೆ ಹೆಸರು ಬರೆದಿದೆ. ನಾವೇನೂ ಕಲ್ಪಿಸಿಕೊಂಡಿಲ್ಲ."

"ಥಾಮಸ್ ಹಾರ್ಗ್ರೀವ್ಸ್ ಅಂದ್ರೆ ಯಾವ ಥಾಮಸ್ ರೀ? ಈ ಊರಲ್ಲಿ ದೀಪದ ಕಂಬಕ್ಕಿಂತ ಹಾರ್ಗ್ರೀವ್ಸ್‌ಗಳೇ ಜಾಸ್ತಿ ಇದ್ರು! ಅದಕ್ಕೇ ಯಾರೂ ಆ ಹೆಸರು ಹಿಡಿದು ಕರೀತಿರಲಿಲ್ಲ. ನಮ್ಮ ತಾತ ನ್ಯಾನಿಯ ಡಿಕ್ಕನ ಟಾಮ್. ಅವನ ಅಪ್ಪ ಡಿಕ್, ಅವನ ಅಜ್ಜಿ ನ್ಯಾನಿ. ಆಚೆ ನಾಲೆ ಪಕ್ಕ ಇದ್ದವನು ಸೇತುವೆ ಟಾಮ್. ನಿಮ್ಮ ಫೋಟೋದವನು ಅವನೇ!"

"ಅದು ನಿಮಗೆ ಹೇಗೆ ಗೊತ್ತು?"

"ನಮ್ಮ ತಾತ ಅಲ್ಲ ಅಂದ ಮೇಲೆ ಇನ್ಯಾರು?"

ಏನೋ ಬರೆದುಕೊಂಡರು. ಮರ್ಯಾದಸ್ಥ ಮನುಷ್ಯ. ಆ ಮರ್ಯಾದೆ ನೋಡಿಯೇ ಇನ್ನೂ ಸಿಟ್ಟು ಬಂತು.

೧೪ ಮೇ, ಶುಕ್ರವಾರ

ಮಾತು ಊರೆಲ್ಲ ಹಬ್ಬಿದೆ. ಪೈ ಅಂಗಡಿಗೆ ಹೋಗಬಾರದಿತ್ತು. ಹೋದೆ. ಬೆರಿಲ್ ಕೌಂಟರಿನ ಹಿಂದೆ, ಸೊಂಟದ ಮೇಲೆ ಕೈ. ಸೇತುವೆ ಟಾಮನ ಮೊಮ್ಮಗಳು ಅವಳು, ನಿನಗೆ ನೆನಪಿರಬೇಕು — ಶಾಲೆಯಲ್ಲಿ ನನ್ನ ಬೆಂಚಿನವಳು.

"ಬಾರೇ ಮೇವಿಸ್ ಮಹಾರಾಣಿ. ನಮ್ಮ ತಾತನ್ನ ಪೊಲೀಸರ ಮಧ್ಯೆ ನಿಲ್ಲಿಸಿ ಬಂದ್ಯಂತೆ?"

"ನಾನು ನಿಲ್ಲಿಸಿಲ್ಲ. ಅವನೇ ಹೋಗಿ ನಿಂತ."

"ನಿನ್ನ ಬಾಯಿಗೆ ಉಪ್ಪು ಹಾಕ! ಅವನ ತಲೇಲಿ ಲಾಠಿ ಏಟಿನ ಗುಳಿ ಇತ್ತು. ಸಣ್ಣವಳಿದ್ದಾಗ ಅದರಲ್ಲಿ ಬೆರಳಿಟ್ಟು ಆಡ್ತಿದ್ದೆ ನಾನು."

"ಕುಡಿದು ನಾಲೆಗೆ ಬಿದ್ದಿರ್ತಾನೆ."

ಸಾಲಿನಲ್ಲಿದ್ದವರೆಲ್ಲ ಬಾಯಿ ಬಿಟ್ಟು ನಿಂತರು. ಬೆರಿಲ್ ನನ್ನ ಪೈಯನ್ನು ಕಾಗದದಿಂದ ವಾಪಸ್ ತೆಗೆದು ತಟ್ಟೆಗಿಟ್ಟಳು. "ನಿನಗಿಲ್ಲಿ ಪೈ ಇಲ್ಲ. ಮುಂದೆ ಯಾರಮ್ಮಾ?"

ಬರಿಗೈಯಲ್ಲಿ ಬಂದೆ. ಬ್ರೆಡ್ಡು ತಿಂದೆ. ಗುಳಿಯಂತೆ, ಗುಳಿ!

೨೫ ಮೇ, ಮಂಗಳವಾರ

ಸಾಕ್ಷಿ ಬೇಕಿತ್ತು. ಗುಡ್ಡದ ಮೇಲಿನ ವೃದ್ಧಾಶ್ರಮದಲ್ಲಿ ಕ್ಲಾರಾ ಡಕ್‌ವರ್ತ್ ಇದ್ದಾಳೆ, ನಮ್ಮ ಬೀದಿಯ ಆ ತುದಿಯವಳು. ಎಂಬತ್ತೇಳು. ಕಿವಿ ಪೂರ್ತಿ ಹೋಗಿದೆ, ತಲೆ ಹೋಗಿಲ್ಲ. ಬಸ್ಸಿನಲ್ಲಿ ಹೋದೆ.

ಹಜಾರದ ತುಂಬ ಮುದುಕರು. ಟಿವಿ ಅರಚುತ್ತಿತ್ತು. ಕ್ಲಾರಾ ನನ್ನನ್ನು ಕಂಡವಳೇ ಗಿರಣಿಯ ಮಾತು ಶುರುಮಾಡಿದಳು — ಗಂಟಲಿಲ್ಲ, ಬರೀ ತುಟಿ, ಅಗಲಕ್ಕೆ ಎಳೆದು ಎಳೆದು, ಜೊತೆಗೆ ಕೈ. ಇನ್ನೂರು ಮಗ್ಗದ ಗದ್ದಲದಲ್ಲಿ ಹಾಗೇ ತಾನೆ ನಾವು ಮಾತಾಡುತ್ತಿದ್ದದ್ದು. ಪಕ್ಕದಲ್ಲಿ ಕೂತವರಿಗೆ ಒಂದಕ್ಷರ ತಿಳಿಯದು. ಒಳ್ಳೆಯದೇ ಆಯಿತು.

ಫೋಟೋದ ವಿಷಯ ಹೇಳಿದೆ. ಸೇತುವೆ ಟಾಮ್ ಅಲ್ವಾ, ಹೇಳು ಅಂದೆ.

"ಅವನು ಹೇಗಾದಾನೇ? ಅವತ್ತು ತಲೆ ಒಡಕೊಂಡು ಪೊಲೀಸ್ ಸ್ಟೇಷನ್ನಲ್ಲಿ ಬಿದ್ದಿದ್ದ."

"ಮತ್ತೆ ಯಾರು?"

ನನ್ನನ್ನೇ ನೋಡಿದಳು. "ನಿಮ್ಮಮ್ಮ ನಿನಗೆ ಹೇಳಲೇ ಇಲ್ವಾ ಹುಡುಗೀ?"

"ಏನು ಹೇಳ್ಬೇಕಿತ್ತು?"

"ನಿಮ್ಮ ಬಾಗಿಲ ಮುಂದೆ ಬಾಣಲೆ ಬಡಿದವರಲ್ಲಿ ನಾನೂ ಒಬ್ಬಳು. ಹದಿನಾಲ್ಕು ವರ್ಷ ನನಗೆ. ನಿಮ್ಮ ತಾತ ಕೆಲಸಕ್ಕೆ ಹೋಗುವಾಗ, ಬರುವಾಗ, ಬೀದಿಯ ಹೆಂಗಸರೆಲ್ಲ ನಿಂತು ಬಡಿಯೋದು, ಅವನ ಮಾನ ಕಳೆಯೋಕೆ. ನಿಮ್ಮಜ್ಜಿ ಪರದೆ ಎಳೆದುಕೊಂಡು ಒಳಗೆ. ನಮಗೆ ಅದೊಂದು ಮಜಾ."

"ಸುಳ್ಳು" ಅಂದೆ. ತುಟಿಯಲ್ಲಲ್ಲ, ಗಟ್ಟಿಯಾಗಿಯೇ. ನಾಲ್ಕು ತಲೆ ತಿರುಗಿದವು. "ಬ್ಯಾಂಡಿನವರು ನಮ್ಮ ಬಾಗಿಲಿಗೆ ಬಂದು ಹಾಡು ನಿಲ್ಲಿಸ್ತಿದ್ರು. ಗೌರವಕ್ಕೆ! ನಾನೇ ಮೆಟ್ಟಿಲ ಮೇಲೆ ನಿಂತು ನೋಡಿದ್ದೇನೆ!"

ಕ್ಲಾರಾ ನಗಲಿಲ್ಲ. ನಕ್ಕಿದ್ದರೆ ಎದ್ದು ಬರುತ್ತಿದ್ದೆ. ನನ್ನ ಕೈ ಹಿಡಿದು ಮೆಲ್ಲಗೆ ತುಟಿಯಾಡಿಸಿದಳು.

"ಮಗಾ, ಬ್ಯಾಂಡು ಹಾಡೋದು ಮನೆಯವರಿಗೆ ಒಳ್ಳೇದಾಗಲಿ ಅಂತ. ಹೆಣ ಇಟ್ಟುಕೊಂಡ ಮನೆ ಮುಂದೂ ಹಾಡ್ತಿದ್ರು. ಇಡೀ ಊರಲ್ಲಿ ಹಾಡದೆ ಇದ್ದದ್ದು ನಿಮ್ಮದೊಂದೇ ಮನೆ."

ಟಿವಿಯಲ್ಲಿ ಯಾರೋ ಬಹುಮಾನ ಗೆದ್ದರು. ಚಪ್ಪಾಳೆ.

ಬಿಳಿ ಫ್ರಾಕಿನಲ್ಲಿ, ಗದ್ದ ಮೇಲೆತ್ತಿಕೊಂಡು ನಿಲ್ಲುತ್ತಿದ್ದೆನಲ್ಲೇ ಅಕ್ಕಾ. ಅಕ್ಕಪಕ್ಕದ ಮಕ್ಕಳ ಕಡೆ ಜಂಬದಿಂದ ನೋಡುತ್ತಿದ್ದೆನಲ್ಲೇ. ಅವರಿಗೆಲ್ಲ ಗೊತ್ತಿತ್ತು.

ಯಾಕೆ ಹೋದ ತಾತ, ಅಂತ ಕೇಳಿದೆ. ಹೇಳಿದಳು. ನಾಲ್ಕು ಮಗ್ಗ ನಡೆಸುವವರಿಗೆ ಎಂಟು ಕೊಟ್ಟು ಉಳಿದವರನ್ನು ಮನೆಗೆ ಕಳಿಸುವ ಹುನ್ನಾರದ ವಿರುದ್ಧ ಮೊದಲ ದಿನದಿಂದ ಗೇಟಿನಲ್ಲಿ ನಿಂತವನೇ ಅವನು. ಅಷ್ಟರಲ್ಲಿ ಮಗುವಿಗೆ ಗಂಟಲಮಾರಿ. ನಮ್ಮ ವಾಲ್ಟರ್ ಮಾವನಿಗೆ! ಎರಡು ವರ್ಷದ ಕೂಸು, ಉಸಿರು ಸಿಗದೆ ನೀಲಿಯಾಗಿತ್ತಂತೆ. ಡಾಕ್ಟರಿಗೆ ಕೊಡಲು ಮನೆಯಲ್ಲಿ ಏನೂ ಇಲ್ಲ. ಯಜಮಾನನ ಮೇಸ್ತ್ರಿ ಬಾಗಿಲಿಗೆ ಬಂದ. ಡಾಕ್ಟರು ಈಗಲೇ ಬರುತ್ತಾರೆ, ಸೋಮವಾರ ನೀನು ಗೇಟಿನೊಳಗೆ ಬರಬೇಕು, ಅಂದನಂತೆ.

"ನಿನಗೆ ಹೇಗೆ ಗೊತ್ತು ಇದು?"

"ನಮ್ಮಮ್ಮ ಯಜಮಾನರ ಮನೆ ನೆಲ ಒರೆಸ್ತಿದ್ದಳಲ್ಲ. ಕಿವಿಯಾರೆ ಕೇಳಿದ್ದಾಳೆ. 'ಮುಂದೆ ನಿಂತವನೇ ಬೇಕು, ಬೇರೆಯವನು ಬೇಡ. ಫೋಟೋ ತೆಗೆಯೋನಿಗೂ ಹೇಳಿಕಳಿಸಿ' ಅಂದನಂತೆ ಯಜಮಾನ."

ಫೋಟೋ ತೆಗೆಸಿದ್ದು ಅವನೇ!

"ಬೀದಿಗೆ ಗೊತ್ತಾಗಲಿಲ್ವಾ ಇದು?"

"ಆಮೇಲೆ ಗೊತ್ತಾಯ್ತು, ಎಲ್ಲರಿಗೂ" ಅಂದಳು ಕ್ಲಾರಾ. "ಬಾಣಲೆ ನಿಂತಿತು. ಬ್ಯಾಂಡು ಮತ್ತೆ ಶುರು ಮಾಡಿ ಅಂತ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ."

೨೬ ಮೇ

ಇವತ್ತು ಮೆಟ್ಟಿಲು ಉಜ್ಜಲಿಲ್ಲ.

೩೦ ಮೇ, ವಿಟ್ ಭಾನುವಾರ

ಈಗ ಮೆರವಣಿಗೆ ಇಲ್ಲ. ಚಾಪೆಲ್ಲಿನಲ್ಲಿ ಕಾರ್ಪೆಟ್ಟು ಮಾರುತ್ತಾರೆ. ಆದರೂ ಹೊರಗೆ ಹೋಗಲಾಗಲಿಲ್ಲ.

ಯಾರ ಮೇಲೆ ಸಿಟ್ಟು ಮಾಡಲಿ ಹೇಳು. ತಾತನ ಮೇಲೆ ಮಾಡಿ ನೋಡಿದೆ. ಆಗಲಿಲ್ಲ, ನಡುವೆ ವಾಲ್ಟರ್ ಮಾವ ಬಂದು ನಿಲ್ಲುತ್ತಾನೆ, ಶನಿವಾರದ ಟಾಫಿ ಪೊಟ್ಟಣ ಹಿಡಿದು. ಆ ಸೋಮವಾರ ಇಲ್ಲದಿದ್ದರೆ ಅವನಿಲ್ಲ. ಬೀದಿಯ ಮೇಲೆ? ಹೌದು, ಬೀದಿಯ ಮೇಲೆ ಇದೆ, ಬೇಕಾದಷ್ಟಿದೆ. ಮಗು ಬದುಕಿತೇ ಅಂತ ಕೇಳಲಿಕ್ಕೆ ಒಬ್ಬಳಾದರೂ ಬಾಗಿಲು ತಟ್ಟಬಾರದಿತ್ತೇ? ಅಜ್ಜಿ ಎಷ್ಟು ಹೆಣಗಳಿಗೆ ಸ್ನಾನ ಮಾಡಿಸಿ ಬಟ್ಟೆ ಉಡಿಸಿದ್ದಳು ಆ ಬೀದಿಯಲ್ಲಿ. ಅದಕ್ಕೆ ಮಾತ್ರ ಹಿಂಬಾಗಿಲಿಗೆ ಬಂದು ಕರೆಯುತ್ತಿದ್ದರು.

ಆದರೂ ಅವರ ಒಲೆಯೂ ತಣ್ಣಗಿತ್ತು. ತಣ್ಣಗೆ ಮಾಡಿದವನು ಈಗ ಬೋರ್ಡಿನ ಮೇಲೆ ನಿಂತು ಊರಿನ ತಂದೆ ಅನ್ನಿಸಿಕೊಳ್ಳುತ್ತಿದ್ದಾನೆ. ಮೀಸೆ ಬೇರೆ!

೨ ಜೂನ್, ಬುಧವಾರ

ಬೆರಿಲ್ ಅಂಗಡಿಗೆ ಹೋದೆ. ಜನ ಇರುವ ಹೊತ್ತಿಗೇ ಹೋದೆ. ಅಂದದ್ದು ಜನರ ಎದುರಿಗೇ ಅಲ್ಲವೇ.

"ಬೆರಿಲ್, ಫೋಟೋದವನು ನಮ್ಮ ತಾತ. ನಿಮ್ಮ ತಾತನ ತಲೇಲಿ ಗುಳಿ ಇತ್ತು. ಅದು ಲಾಠಿ ಏಟೇ."

ಅವಳು ಚಾಕು ಒರೆಸುತ್ತಲೇ ಇದ್ದಳು. "ಎಷ್ಟು ಪೈ?"

"ಒಂದು."

"ಮುಖ ನೋಡಿದ್ರೆ ವಾರದಿಂದ ತಿಂದ ಹಾಗಿಲ್ಲ. ಎರಡು ತಗೊಂಡು ಹೋಗೇ, ಹಾಳಾದವಳೇ." ಆಮೇಲೆ ದನಿ ತಗ್ಗಿಸಿ — "ನಮ್ಮಮ್ಮ ಹೇಳಿದ್ಲು ನನಗೆ, ಎಂದೋ. ನಿನ್ನ ಹತ್ರ ಯಾಕೆ ಆಡ್ಬೇಕು ಅಂತ ಬಿಟ್ಟಿದ್ದೆ. ನೀನೇ ಬಾಯಿ ಹಾಕಿದೆ."

ಅಷ್ಟು ವರ್ಷ ಒಂದೇ ಬೆಂಚು. ಒಂದು ದಿನವೂ ಬಾಯಿಬಿಟ್ಟಿರಲಿಲ್ಲ ಅವಳು.

೪ ಜೂನ್, ಶುಕ್ರವಾರ

ಸ್ವೇಲ್ಸ್ ಹತ್ತಿರ ಹೋದೆ. ಇವತ್ತು ಕೂತೆ.

"ನೀವೇ ಸರಿ. ಅವನು ನಮ್ಮ ತಾತ. ಫೋಟೋ ಇರಲಿ."

ಪಾಪ, ಅವರಿಗೇ ಕಸಿವಿಸಿ. ಬೇಕಾದರೆ ತೆಗೆಸುತ್ತೇನೆ ಅಂದರು.

"ಬೇಡ. ಟೇಪಿನಲ್ಲಿರೋ ಬ್ಯಾಂಡಿನ ಕತೆ ತೆಗೀರಿ, ಅದು ಸುಳ್ಳು. ಫೋಟೋ ಇಡಿ. ಅವನು ಯಾಕೆ ಹೋದ ಅಂತ ಕೆಳಗೆ ಬರೀರಿ. ಡಾಕ್ಟರನ್ನ ಯಾರು ಕಳಿಸಿದ್ರು, ಏನು ಕೇಳಿ ಕಳಿಸಿದ್ರು, ಫೋಟೋ ತೆಗೆದವನನ್ನ ಯಾರು ಕರೆಸಿದ್ರು — ಎಲ್ಲ."

ಕನ್ನಡಕ ತೆಗೆದರು, ಹಾಕಿದರು. ಫೋಟೋಗಳೆಲ್ಲ ಯಜಮಾನನ ಮೊಮ್ಮಕ್ಕಳು ಕೊಟ್ಟದ್ದಂತೆ. ಬೋರ್ಡಿನ ಖರ್ಚು ಫ್ಲಾಟಿನ ಕಂಪನಿಯದಂತೆ. ಎಂಬತ್ತೇಳರ ಮುದುಕಿಯೊಬ್ಬಳ ಮಾತು, ಅದೂ ಅವಳಮ್ಮ ಕೇಳಿಸಿಕೊಂಡದ್ದು... ಕಮಿಟಿ ಒಪ್ಪುವುದಿಲ್ಲವಂತೆ.

"ನಮ್ಮ ತಾತನ್ನ ಮುಷ್ಕರ ಮುರಿದವನು ಅನ್ನೋಕೆ ಫೋಟೋದ ಹಿಂದಿನ ಎರಡು ಪದ ಸಾಕಾಯ್ತು. ಆ ಯಜಮಾನನನ್ನ ಊರಿನ ತಂದೆ ಅನ್ನೋಕೆ ಎಷ್ಟು ಸಾಕ್ಷಿ ಕೇಳಿದ್ರಿ ಸ್ವಾಮೀ?"

ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ, "ನಿಮ್ಮ ಮನೆಯೊಳಗಿನವರು ಇನ್ನೊಬ್ಬರು ಯಾರಾದರೂ ಹೇಳಿದರೆ ಕಮಿಟಿಯಲ್ಲಿ ನಾನು ಹಟ ಹಿಡಿಯುತ್ತೇನೆ. ಕಾಗದದಲ್ಲಾದರೂ ಸರಿ. ಆದರೆ ಇಪ್ಪತ್ತಾರಕ್ಕೆ ಬೋರ್ಡುಗಳ ಪರದೆ ಸರಿಸುವುದು. ಅದರೊಳಗೆ ಬರಬೇಕು."

೫ ಜೂನ್, ಶನಿವಾರ

ಅಕ್ಕಾ, ಈ ಸಲ ಹಾಳೆ ಕಿತ್ತು ಕಳಿಸುತ್ತಿದ್ದೇನೆ, ಮೇ ಮೂರರಿಂದ. ಬೈಗುಳ ಹೊಡೆದುಹಾಕಿಲ್ಲ, ಇರುವ ಹಾಗೇ ಓದಿಕೋ.

ಫೋನು ಮಾಡೋಣವೆಂದರೆ ನಿನಗೂ ಕೇಳಿಸದು, ನನಗೂ ಕೇಳಿಸದು. ಮಗ್ಗ ತಿಂದ ಕಿವಿ. ಫೋನಿನಲ್ಲಿ ತುಟಿ ಕಾಣುವುದಿಲ್ಲವಲ್ಲ.

ಅಜ್ಜಿಯ ಕೊನೆಯ ಚಳಿಗಾಲ ನೀನೇ ಅವಳ ಪಕ್ಕ ಮಲಗುತ್ತಿದ್ದೆ. ನಿನ್ನ ಕೈ ಹಿಡಿದು ಏನೋ ಹೇಳುತ್ತಿದ್ದಳು. ನಾನು ಒಳಗೆ ಬಂದರೆ ಬಾಯಿ ಮುಚ್ಚುತ್ತಿದ್ದಳು. ನಾನು ಚಿಕ್ಕವಳು ಅಂತ ಅಂದುಕೊಂಡಿದ್ದೆ. ಈಗ ಕೇಳುತ್ತಿದ್ದೇನೆ — ಏನು ಹೇಳಿದಳು? ಮೇಸ್ತ್ರಿ ಬಂದದ್ದು? ಡಾಕ್ಟರಿನ ಮೋಟಾರು ಬಾಗಿಲಲ್ಲಿ ನಿಂತದ್ದು? ತಾತ ಮನೆಗೆ ಬಂದು ಊಟಕ್ಕೆ ಕೂತನೇ, ಇಲ್ಲವೇ?

ಗೊತ್ತಿದ್ದೂ ನಾನು ಬ್ಯಾಂಡಿನ ಜಂಬ ಕೊಚ್ಚುವಾಗ ಸುಮ್ಮನೆ ಕೇಳಿದೆಯೇನೇ? ಅದಕ್ಕೆ ಆಮೇಲೆ ಜಗಳ ಆಡೋಣ, ಬೇಕಾದಷ್ಟು ಹೊತ್ತಿದೆ. ಇದಕ್ಕಿಲ್ಲ. ಏನೂ ಹೇಳಿರದಿದ್ದರೆ ಹಾಗೆಂದೇ ಬರಿ, ನನಗಾಗಿ ಹೊಸೆಯಬೇಡ. ಹೇಳಿದ್ದರೆ ಅವಳು ಆಡಿದ ಮಾತಿನಲ್ಲೇ ಬರಿ, ಕೆಳಗೆ ಸಹಿ ಹಾಕು, ಕ್ಲಿಫ್ ಭಾವನದೂ ಒಂದು ಹಾಕಿಸು. ವಿಮಾನದ ಅಂಚೆ. ಇಲ್ಲಿ ಅಂಚೆ ಕಚೇರಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಕನ್ನಡಕ ಹುಡುಕುತ್ತ ಕೂರಬೇಡ, ನಾಳೆ ಅನ್ನಬೇಡ, ಬೇಗ ಬರಿ ಅಕ್ಕಾ, ಇದು ಕೈಗೆ ಸಿಕ್ಕ ದಿನವೇ —